ಯಂತ್ರ ನಿಲ್ಲಿಸುವವಳ ಹಣೆ

ಆ ದಿನ ಬೆಳಿಗ್ಗೆಯೂ ಹಾಲು ಕಾಯಿಸಿ, ಚಹಾಕ್ಕೆ ಶುಂಠಿ ಜಜ್ಜಿ ಹಾಕಿ, ಯಜಮಾನರ ಡಬ್ಬಿ ಕಟ್ಟಿದೆ. ಅವರ ಸ್ಕೂಟರು ಸೊಸೈಟಿಯ ಗೇಟು ದಾಟಿದ ಸದ್ದು ಕೇಳಿದ ಮೇಲೆ ಸ್ನಾನ ಮಾಡಿ, ಹಣೆಗೆ ಕುಂಕುಮ ಇಟ್ಟುಕೊಂಡು, ಬಾಲ್ಕನಿಯ ತುಳಸಿಗೆ ನೀರು ಹಾಕಿದೆ. ಊಟದ ಮೇಜು ಮಾತ್ರ ಎಂದಿನಂತಿರಲಿಲ್ಲ. ಅದರ ತುಂಬ ಒಂದು ಚಿತ್ರ ಹಾಸಿತ್ತು. ಫ್ಯಾನಿನ ಗಾಳಿಗೆ ಏಳದಂತೆ ಮೂಲೆಗೊಂದು ಬಟ್ಟಲು ಇಟ್ಟಿದ್ದೆ.

ಕೇಳಿದವರಿಗೆ ಮನೆಯಲ್ಲೇ ಕೂತು ಚಿತ್ರ ಬರೆದುಕೊಡುವುದು ಕೆಲವು ವರ್ಷಗಳಿಂದ ನಡೆದುಬಂದಿದೆ. ಹೆಚ್ಚಾಗಿ ಗಣಪತಿ, ಇಲ್ಲವೇ ಮದುಮಕ್ಕಳ ಮುಖ. ಈ ಸಲದ ಬೇಡಿಕೆ ಬೇರೆಯಾಗಿತ್ತು. ಇದೇ ಊರಿನ ಕಾರ್ಖಾನೆಗಳ ಬಡಾವಣೆ ಭೋಸರಿಯಲ್ಲಿರುವ ಒಬ್ಬ ಹೆಣ್ಣುಮಗಳು, ವಿಜಯಪುರದ ಕಡೆಯವಳು, ಹಳೆಯ ಮರಾಠಿ ಕಾಮಿಕ್ ಪುಸ್ತಕವೊಂದನ್ನು ತಂದು ತೋರಿಸಿದ್ದಳು. ಚಿಕ್ಕಂದಿನಲ್ಲಿ ರದ್ದಿ ಅಂಗಡಿಯಿಂದ ತಂದದ್ದಂತೆ. ಮುಖಪುಟದಲ್ಲಿ ಅಗಲ ಎದೆಯ ವೀರನೊಬ್ಬ ಹಾರುತ್ತಿದ್ದ. ಅವಳಿಗೆ ಬೇಕಾದದ್ದು ಅವನಲ್ಲ, ಒಳಗೆ ಮೂರ್ನಾಲ್ಕು ಪುಟ ಬಂದು ಹೋಗುವ ಒಬ್ಬ ಹೆಂಗಸು. ಆ ಹೆಂಗಸು ಅಂಗೈ ಮುಂದೆ ಚಾಚಿದರೆ ಸಾಕು, ಎಂಥ ಯಂತ್ರವೂ ನಿಂತುಬಿಡುತ್ತದೆ. ಮುಂದಿನ ಸಂಚಿಕೆಗಳಲ್ಲಿ ಅವಳು ಬರಲೇ ಇಲ್ಲವಂತೆ. ಎಲ್ಲಿ ಹೋದಳೆಂದು ಬರೆದವರೂ ಹೇಳಲಿಲ್ಲ, ಓದಿದವರೂ ಕೇಳಲಿಲ್ಲ.

ಈ ಹೆಣ್ಣುಮಗಳ ತಾಯಿ ಪ್ರೆಸ್ ಮಷೀನಿನಲ್ಲಿ ತಗಡು ಒತ್ತುವ ಕೆಲಸ ಮಾಡಿ ಮಗಳನ್ನು ಬೆಳೆಸಿದವರು. ಗಂಡ ತೀರಿಕೊಂಡಾಗ ಮಗಳಿನ್ನೂ ತೊಡೆಯ ಮೇಲಿನ ಕೂಸು. ಆ ಮಷೀನೇ ಒಂದು ದಿನ ಅವರ ಬಲಗೈಯ ಎರಡು ಬೆರಳು ತೆಗೆದುಕೊಂಡಿತು. ಮಗಳು ಸಂಜೆ ಕಾಮಿಕ್ ಓದಿ ಕನ್ನಡದಲ್ಲಿ ಹೇಳುವಾಗ ತಾಯಿ ಆ ಹೆಂಗಸಿನ ಪುಟಗಳನ್ನೇ ಮತ್ತೆ ಮತ್ತೆ ಕೇಳುತ್ತಿದ್ದರಂತೆ. ಇಂಥವಳೊಬ್ಬಳು ನಮ್ಮ ಕಂಪನಿಯಲ್ಲಿ ಇರಬೇಕಿತ್ತು ಎನ್ನುತ್ತಿದ್ದರಂತೆ. ಈಗ ಅವರ ಕಣ್ಣಿನ ನರ ಒಣಗುತ್ತ ಬಂದಿದೆ. ಉಳಿದಿರುವ ನೋಟವೂ ಹೆಚ್ಚು ಕಾಲ ಇರುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಪೂರ್ತಿ ಕತ್ತಲಾಗುವುದರೊಳಗೆ ಆ ಹೆಂಗಸನ್ನು ಅವ್ವನ ಮುಖದಲ್ಲೇ ಅವ್ವನಿಗೆ ತೋರಿಸಬೇಕು ಎಂಬುದು ಮಗಳ ಆಸೆ. ಅವ್ವನ ಫೋಟೋ ಒಂದನ್ನೂ ಕೊಟ್ಟು ಹೋಗಿದ್ದಳು.

ಪುಸ್ತಕದಲ್ಲಿದ್ದ ಬಿಗಿ ಉಡುಪನ್ನು ನಾನು ಬಿಟ್ಟೆ. ಇಳಕಲ್ ಸೀರೆ ಉಡಿಸಿ, ಮೇಲೆ ಕಾರ್ಖಾನೆಯ ನೀಲಿ ಕೋಟು ಹಾಕಿದೆ. ಕೋಟಿನ ಬೆನ್ನು ಗಾಳಿ ತುಂಬಿ ಹಿಂದಕ್ಕೆ ಉಬ್ಬಿತ್ತು. ಚಾಚಿದ ಬಲ ಅಂಗೈಗೆ ಇಲ್ಲದ ಬೆರಳು ಸೇರಿಸಲಿಲ್ಲ. ಹಾಗೇ ಇರಲಿ ಎಂದು ಮಗಳೂ ಹೇಳಿದ್ದಳು.

ಚಿತ್ರದ ಫೋಟೋ ತೆಗೆದು ಅವಳಿಗೆ ಕಳಿಸಿದೆ. ಬೀನ್ಸ್ ಹೆಚ್ಚುತ್ತಿರುವಾಗ ಫೋನು ಬಂತು. ಗದ್ದ ನೋಡಿದರೆ ಅವ್ವನನ್ನೇ ನೋಡಿದ ಹಾಗಿದೆ ಎಂದಳು. ಆಮೇಲೆ ದನಿ ತಗ್ಗಿಸಿದಳು.

"ಅಕ್ಕಾರ, ಹಣಿಗೆ ಕುಂಕುಮ ಇಟ್ಟೀರಲ್ರಿ. ಅವ್ವ ಇಡೂದಿಲ್ಲ."

ಹೋಗಿ ನೋಡಿದೆ. ಹೌದು, ಕಾಸಗಲದ ಕುಂಕುಮ. ಎಲ್ಲ ಗೊತ್ತಿದ್ದೂ ಇಟ್ಟಿದ್ದೆ.

ಬೆಳಗಾವಿಯ ನಮ್ಮ ಕಾನ್ವೆಂಟಿನಲ್ಲಿ ಕುಂಕುಮವನ್ನು ಗೇಟಿನ ಬಳಿಯೇ ಒರೆಸಿಕೊಂಡು ಒಳಗೆ ಹೋಗಬೇಕಿತ್ತು. ಸಂಜೆ ಅಜ್ಜಿ ಹೊಸ್ತಿಲಲ್ಲೇ ನಿಲ್ಲಿಸಿ ಮತ್ತೆ ಹಚ್ಚುತ್ತಿದ್ದಳು. ಚಿತ್ರ ಕಲಿಸಿದ ಸಿಸ್ಟರ್ ಕಣ್ಣುಗಳನ್ನು ಕಡೆಗೆ ಬರೆಯಬೇಕೆಂದು ಹೇಳಿಕೊಟ್ಟಿದ್ದರು. ಹಾಗೆ ಬರೆದು ಮನೆಗೆ ತಂದರೆ ಅಜ್ಜಿ ಮೊದಲು ಹಣೆ ನೋಡುವಳು. ಬರೀ ಹಣೆಯ ಹೆಂಗಸಿನ ಚಿತ್ರ ಮನೆಯಲ್ಲಿರಬಾರದು ಎಂದು ತಾನೇ ಕುಂಕುಮದ ಬೆರಳು ಒತ್ತಿಬಿಡುವಳು. ಅಂದಿನಿಂದ ಕಣ್ಣು ಬರೆದು ಮುಗಿದ ಕೂಡಲೇ ನನ್ನ ಕುಂಚ ತಾನಾಗಿ ಕೆಂಪಿನ ಕಡೆ ಹೋಗುತ್ತದೆ. ಕೈಗೆ ಕಾನ್ವೆಂಟೂ ನೆನಪಿದೆ, ಅಜ್ಜಿಯೂ ನೆನಪಿದ್ದಾಳೆ.

ಒದ್ದೆ ಕುಂಚದಿಂದ ಎತ್ತಲು ನೋಡಿದೆ, ಹತ್ತಿ ಒತ್ತಿದೆ. ಕಾಗದದೊಳಕ್ಕೆ ಇಳಿದು ಕೂರುವ ಕೆಂಪು ಅದು. ತಿಕ್ಕಿದಷ್ಟೂ ಸುತ್ತ ಗುಲಾಬಿ ಹರಡಿತು. ಮೇಲೆ ದಪ್ಪ ಬಣ್ಣ ಬಳಿದರೆ ಹಣೆಗೆ ತೇಪೆ ಹಾಕಿದಂತೆ ಕಾಣುತ್ತಿತ್ತು. ಹೊಸದಾಗಿ ಬರೆಯೋಣವೆಂದರೆ ಆ ತಾಯಿಯ ಕಣ್ಣುಗಳು ಅಲ್ಲಿಯವರೆಗೆ ಕಾಯಬೇಕಲ್ಲ? ಅಷ್ಟರಲ್ಲಿ ತಾಯಿ ಮಗಳು ನಮ್ಮ ಕೋಥರೂಡದ ಬಸ್ಸು ಹತ್ತಿಯೂ ಆಗಿತ್ತು.

ತಾಯಿ ತೆಳ್ಳಗಿದ್ದರು. ಚಪ್ಪಲಿಗಳನ್ನು ಜೋಡಿಸಿ ಬಿಟ್ಟು, ಗೋಡೆ ಸವರುತ್ತ ಒಳಗೆ ಬಂದರು. ಅವ್ವನಿಗೆ ಆ ಕುಂಕುಮ ಕಾಣಿಸಲಿಕ್ಕೂ ಇಲ್ಲ, ನಾವಾಗಿ ಹೇಳುವುದು ಬೇಡ ಎಂದು ಮಗಳು ನನ್ನ ಕಿವಿಯಲ್ಲಿ ಅಂದಳು. ಅವರು ಮೇಜಿನ ಮೇಲೆ ಬಾಗಿದರು. ಮೂಗು ಕಾಗದಕ್ಕೆ ತಾಗುವಷ್ಟು ಹತ್ತಿರ.

"ಇದೇನ್ರಿ, ಕೆಂಪಗ ಕಾಣಸ್ತದ?"

ಉಳಿದದ್ದೆಲ್ಲ ಅವರಿಗೆ ಮಬ್ಬಾಗಿ, ಅದೊಂದೇ ಮೊದಲು ಕಂಡಿತ್ತು. ಮಗಳು ತಲೆ ತಗ್ಗಿಸಿದಳು. ಕುಂಕುಮ, ರೂಢಿಯಿಂದ ಕೈ ಹೋಗಿಬಿಟ್ಟಿತು, ತಪ್ಪಾಯಿತು, ಬೇರೆ ಬರೆದುಕೊಡುತ್ತೇನೆ ಎಂದು ನಾನೇ ಹೇಳಿದೆ.

ಅವರು ಆ ಕೆಂಪಿನಿಂದಲೇ ಹೊರಟು ಬೆರಳಿನಿಂದ ಹುಬ್ಬು, ಮೂಗು, ಗದ್ದ ಹುಡುಕುತ್ತ ಇಳಿದರು. ತೋಳಿನ ಗುಂಟ ಸಾಗಿ, ಚಾಚಿದ ಅಂಗೈಯ ಮೇಲೆ ತಮ್ಮ ಅಂಗೈ ಇಟ್ಟರು. ಅಲ್ಲಿಯೂ ಇಲ್ಲಿಯೂ ಅವೇ ಬೆರಳುಗಳು ಇರಲಿಲ್ಲ. ಬಹಳ ಹೊತ್ತು ಹಾಗೇ ನಿಂತಿದ್ದರು. ಒಲೆಯ ಮೇಲಿನ ಕುಕ್ಕರು ಕೂಗದಿರಲೆಂದು ಗ್ಯಾಸನ್ನು ನಾನು ಮೆಲ್ಲಗೆ ಹೋಗಿ ಆರಿಸಿ ಬಂದೆ.

"ಇರಲಿ ಬಿಡ್ರಿ," ಎಂದರು ಕೊನೆಗೆ. "ಮಷೀನ ನಿಲ್ಲಸಾಕಿ ಅದಾಳ ಅಕಿ. ಅಕಿ ಹಣಿ ಸುದ್ದಿ ಯಾರ ತಗೀತಾರ?"

ಮಗಳು ಸೆರಗಿನಿಂದ ಮೂಗು ಒರೆಸಿಕೊಂಡಳು. ತಾಯಿ ಮತ್ತೊಮ್ಮೆ ಬಾಗಿ, ಕೋಟು ಮಾತ್ರ ಇಷ್ಟು ಸ್ವಚ್ಛ ಇರಬಾರದು, ಅದಕ್ಕೊಂದಿಷ್ಟು ಎಣ್ಣೆ ಹಚ್ಚಿ ಎಂದರು. ಅವರ ಎದುರೇ ಕುಂಚ ತೆಗೆದು, ನೀಲಿ ತೋಳಿನ ಮೇಲೆ ಕಂದು ಕಲೆ ಹಾಕಿದೆ. ಇನ್ನಷ್ಟು ಎಂದರು. ಇನ್ನಷ್ಟು ಹಾಕಿದೆ.

ಮನೆಗೆ ಬಂದ ಹೆಣ್ಣುಮಕ್ಕಳನ್ನು ಕುಂಕುಮ ಕೊಡದೆ ಕಳಿಸುವ ರೂಢಿ ನಮ್ಮಲ್ಲಿಲ್ಲ. ಭರಣಿ ತಂದು ಮಗಳಿಗೆ ಹಚ್ಚಿದೆ. ಅಷ್ಟರೊಳಗೆ ತಾಯಿ ಬಾಗಿಲ ಕಡೆ ಸರಿದು, ಮುಖ ಆಚೆ ಮಾಡಿ ನಿಂತಿದ್ದರು. ಕಣ್ಣಿಗೆ ಕಾಣದಿದ್ದರೂ ಯಾವಾಗ ಸರಿಯಬೇಕೆಂಬುದು ಕಾಲಿಗೆ ಗೊತ್ತಿತ್ತು. ಭರಣಿಯ ಮುಚ್ಚಳ ಹಾಕಲು ನನಗೆ ಮನಸ್ಸು ಬರಲಿಲ್ಲ. ಹತ್ತಿರ ಹೋಗಿ ಅದನ್ನು ಅವರ ಕೈಗೆ ತಾಗಿಸಿದೆ.

ಅವರು ಒಂದು ಚಿಟಿಕೆ ತೆಗೆದುಕೊಂಡರು. ಕಣ್ಣಿನ ಹತ್ತಿರ ಹಿಡಿದು ನೋಡಿದರು. ಆಮೇಲೆ ನನ್ನ ಬಲಗೈ ಹುಡುಕಿ, ಅಂಗೈಯಲ್ಲಿ ಅದನ್ನು ಒತ್ತಿ, ನನ್ನ ಬೆರಳುಗಳನ್ನು ಮಡಚಿದರು.

"ನನಗ ಬ್ಯಾಡ್ರಿ. ಅಕಿಗೆ ಇಟ್ಟ ಕೈಯಾಗ ಇರಲಿ."

ಆರಿಸಿ ಸುತ್ತಿಕೊಟ್ಟ ಚಿತ್ರವನ್ನು ಮಗಳು ಹಿಡಿಯಲು ಬಂದರೂ ಕೊಡದೆ, ಎದೆಗೆ ಅವುಚಿಕೊಂಡು ಮೆಟ್ಟಿಲು ಇಳಿದರು.

ಪಾತ್ರೆ ತೊಳೆದರೂ ಅಂಗೈಯ ಗೆರೆಗಳಲ್ಲಿ ಕೆಂಪು ಉಳಿದಿತ್ತು. ಸಂಜೆ ತುಳಸಿಗೆ ದೀಪ ಹಚ್ಚುವಾಗ, ಪಕ್ಕದ ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದ ಹುಬ್ಬಳ್ಳಿಯ ವೈನಿ ನನ್ನ ಕೈ ನೋಡಿದರು.

"ಯಾರ ಮನಿಗೆ ಹೋಗಿದ್ರಿ ಕುಂಕುಮಕ್ಕ? ನಮಗ ಕರೀಲೇ ಇಲ್ಲ ನೋಡ್ರಿ," ಎಂದು ಚಾದರ ಕೊಡವಿ ಒಳಗೆ ಹೋದರು.