ನಾಲ್ಕು ಬೆರಳಿನಷ್ಟು ಗಾಳಿ

ನೀರಿನ ಕಚೇರಿಯಿಂದ ತಪಾಸಣೆಗೆಂದು ಮನೆಮನೆ ಅಲೆಯುತ್ತಿದ್ದ ಗೋಡೆಲೀವಳಿಗೆ ನಮ್ಮ ಊರಿನವರು ಇಟ್ಟ ಹೆಸರು 'ನಾಲ್ಕು ಬೆರಳು'. ನಲ್ಲಿಯ ಬಾಯಿಗೂ ಕೆಳಗಿನ ತೊಟ್ಟಿಯ ನೀರಿಗೂ ನಡುವೆ ನಾಲ್ಕು ಬೆರಳು ಅಡ್ಡ ಹಿಡಿದು ನೋಡುವುದು ಅವಳ ಕ್ರಮ. ಬೆರಳು ಸಲೀಸಾಗಿ ಹಿಡಿಸಿದರೆ ಸರಿ, ಇಲ್ಲದಿದ್ದರೆ ಎಂಥ ದೊಡ್ಡ ಮನುಷ್ಯನಾದರೂ ಅವಳ ರುಜು ಸಿಗುತ್ತಿರಲಿಲ್ಲ. 

"ಕೊಳವೆ ಬಾಯಿ ನೀರಲ್ಲಿ ಮುಳುಗಿದ್ರೆ, ಬೀದಿಯ ಒತ್ತಡ ಬಿದ್ದಾಗ ತೊಟ್ಟಿ ಕೊಳೇನೆಲ್ಲ ಹಿಂದಕ್ಕೆ ಹೀರ್ಕೊಳ್ಳುತ್ತೆ. ಮಧ್ಯೆ ಗಾಳಿ ಇದ್ರೆ ಗಾಳಿನೇ ಹೀರ್ಬೇಕು, ತಿಳೀತಾ?" ಬೇಕರಿಯವನಿಂದ ಹಿಡಿದು ಪಾದ್ರಿಗಳವರೆಗೆ ಎಲ್ಲರಿಗೂ ಇದೇ ಪಾಠ. ಪಾದ್ರಿಗಳು ಅವಳ ಸೈಕಲ್ ಕಂಡರೆ ತೋಟದ ಹಿಂಬಾಗಿಲಿನಿಂದ ಜಾಗ ಖಾಲಿ ಮಾಡುತ್ತಿದ್ದರಂತೆ.

ಅವಳು ರಿಯಾಯಿತಿ ತೋರಿಸಿದ್ದು ಒಂದೇ ಮನೆಗೆ, ಒಡಹುಟ್ಟಿದ ಅಕ್ಕ ಸಿಮೋನಳ ಮನೆಗೆ. ಗಂಡ ಸತ್ತ ಮೇಲೆ ಸಿಮೋನ್ ಅವನ ಪಂದ್ಯದ ಪಾರಿವಾಳಗಳನ್ನು ಅಟ್ಟದ ಮೇಲೆ ಸಾಕಿಕೊಂಡಿದ್ದಳು. ಒಂದು ವರ್ಷ ತಪಾಸಣೆಗೆ ಹೋದಾಗ ಮೇಜಿನ ಮೇಲೆ ಬಿಸಿ ಕಾಫಿ ಇತ್ತು, ಪ್ಲಮ್ ಹಣ್ಣಿನ ಟಾರ್ಟ್ ಇತ್ತು. ಗೋಡೆಲೀವಳ ಮಂಡಿ ಬೇರೆ ನೋಯುತ್ತಿತ್ತು.

"ಅಟ್ಟದ ನಲ್ಲಿ ಕೊಳವೆನ ಡ್ರಮ್ಮಲ್ಲಿ ಬಿಡದೆ ಮೊಳೆಗೆ ತಾನೆ ತೂಗುಹಾಕೋದು?"

"ಮತ್ತಿನ್ನೆಲ್ಲಿ? ನನ್ನ ಮೇಲೂ ಅನುಮಾನವೇನೇ ನಿಂಗೆ? ತಿನ್ನು ಮೊದಲು."

ಗೋಡೆಲೀವ್ ತಿಂದಳು. ಏಣಿ ಹತ್ತದೆ ರುಜು ಹಾಕಿದಳು.

ಮರುವರ್ಷ ಒಂದು ಬುಧವಾರ ಮಧ್ಯಾಹ್ನ ಕಾಲುವೆ ದಡದ ಮರದ ಗೋದಾಮಿಗೆ ಬೆಂಕಿ ಬಿತ್ತು. ಅಗ್ನಿಶಾಮಕದವರು ಒಟ್ಟಿಗೆ ಮೂರು ಕಡೆ ನೀರೆಳೆದಾಗ ಆ ಭಾಗದ ನಲ್ಲಿಗಳೆಲ್ಲ ಬತ್ತಿದವು. ಕಚೇರಿಗೆ ಫೋನಿನ ಮೇಲೆ ಫೋನು. ನೀರಿಲ್ಲದ ಬೀದಿಗಳನ್ನು ನಕ್ಷೆಯಲ್ಲಿ ಗುರುತು ಹಾಕುತ್ತಿದ್ದ ಗೋಡೆಲೀವಳ ಕೈ ಅಕ್ಕನ ಬೀದಿಗೆ ಬಂದು ನಿಂತುಬಿಟ್ಟಿತು. ಇವತ್ತು ಬುಧವಾರ. ಪಾರಿವಾಳದ ಗೂಡುಗಳಿಗೆ ಹೇನಿನ ಔಷಧ ಹೊಡೆಯುವ ದಿನ. ಅಟ್ಟದ ಡ್ರಮ್ಮಿನಲ್ಲಿ ಅಕ್ಕ ವಿಷ ಕಲಸಿರುತ್ತಾಳೆ.

ಫೋನು ಮಾಡಿದಳು, ಅಕ್ಕ ಎತ್ತಲಿಲ್ಲ. ಸೈಕಲ್ ಹತ್ತಿದಳು. ಆ ಬೀದಿಯಲ್ಲಿ ನಲವತ್ತು ಮನೆ. ಕೊಳವೆ ಡ್ರಮ್ಮಿನಲ್ಲಿ ಮುಳುಗಿದ್ದರೆ? ವಿಷ ಬೀದಿಯ ಪೈಪಿಗೆ ಇಳಿದಿದ್ದರೆ? ನೀರು ಬಂದೊಡನೆ ನಲವತ್ತು ಮನೆಯವರೂ ಲೋಟ ಹಿಡಿಯುತ್ತಾರೆ. ಅವಳು ಪೆಡಲನ್ನು ಜೋರಾಗಿ ತುಳಿದಳು. ಮಂಡಿ ನೋವಿನ ನೆನಪೇ ಆಗಲಿಲ್ಲ.

ಅಕ್ಕನ ಮನೆಗೆ ನುಗ್ಗಿ ನೇರ ನೆಲಮಾಳಿಗೆಗೆ ಇಳಿದಳು. ಮನೆಯ ನೀರು ಬೀದಿಗೆ ವಾಪಸಾಗದಂತೆ ತಡೆಯುವ ವಾಲ್ವ್ ಅಲ್ಲಿ ಮೀಟರಿನ ಪಕ್ಕ ಇತ್ತು. ಹಿಂದಿನ ವರ್ಷ ಅದನ್ನೂ ಪರೀಕ್ಷಿಸಿರಲಿಲ್ಲ. ಬೀದಿ ಕಡೆಯ ನಲ್ಲಿ ಮುಚ್ಚಿ, ವಾಲ್ವಿನ ಬುಡದ ತಿರುಪು ಸಡಿಲಿಸಿದಳು. ವಾಲ್ವ್ ಕೆಟ್ಟಿದ್ದರೆ ಮನೆಯ ನೀರು ಇಲ್ಲಿ ಧಾರೆಯಾಗಿ ಸುರಿಯಬೇಕು. ನಾಲ್ಕೈದು ಹನಿ ಬಿದ್ದವು. ಆಮೇಲೆ ನಿಂತಿತು.

ವಾಲ್ವ್ ಗಟ್ಟಿಯಾಗಿತ್ತು. ಬೀದಿ ಉಳಿಯಿತು. ಗೋಡೆಲೀವ್ ಮೆಟ್ಟಿಲ ಮೇಲೆ ಕೂತು ಮಗುವಿನಂತೆ ಅತ್ತಳು.

ಮೇಲಕ್ಕೆ ಬಂದಾಗ ಅಡುಗೆಮನೆಯಲ್ಲಿ ಸಿಮೋನ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಬೆಂಕಿ ಬಿದ್ದಿರೋದು ಅಲ್ಲಿ. ನನ್ನ ನೆಲಮಾಳಿಗೇಲಿ ನಿಂಗೇನು ಕೆಲಸ?"

"ಅಕ್ಕ, ಕೊಳವೆ ಡ್ರಮ್ಮಲ್ಲಿದ್ಯಾ?"

"ಇದೆ. ಔಷಧ ಹಾಕಿ ನೀರು ಬಿಟ್ಟಿದ್ದೆ, ಅರ್ಧಕ್ಕೇ ನಿಂತೋಯ್ತು. ಈಗ ಪಾಠ ಶುರುಮಾಡ್ಬೇಡ. ನನ್ನ ಅದೃಷ್ಟ ನೋಡು, ಬೀದಿಗೆಲ್ಲ ನೀರಿಲ್ಲ, ಈ ನಲ್ಲಿ ಮಾತ್ರ ಸಣ್ಣಗೆ ಬರ್ತಾನೇ ಇತ್ತು. ಬಕೆಟ್ಟು ಪಾತ್ರೆ ಎಲ್ಲ ತುಂಬಿಸ್ಕೊಂಡೆ!"

ಗೋಡೆಲೀವ್ ಅಡುಗೆಮನೆಯ ನಲ್ಲಿಯತ್ತ ತಿರುಗಿದಳು. ಬೀದಿಯಲ್ಲೇ ನೀರಿಲ್ಲದಾಗ ಈ ನಲ್ಲಿಗೆ ಎಲ್ಲಿಂದ ಬಂತು? ಮೇಲಿನಿಂದ. ಅಟ್ಟದ ಡ್ರಮ್ಮಿನಿಂದ, ಮುಳುಗಿದ ಕೊಳವೆಯ ಮೂಲಕ, ಮನೆಯದೇ ಪೈಪಿನಲ್ಲಿ ಇಳಿದು ಬಂದಿತ್ತು.

"ಕುಡಿದ್ಯಾ?"

"ಇನ್ನೂ ಇಲ್ಲ. ಪಕ್ಕದ ಮನೆ ಲೀಸ್‌ಬೆತ್ ಬಂದಿದ್ಲು, ಪಾಪ. ಕೂಸಿಗೆ ಹಾಲಿನ ಪುಡಿ ಕಲಸೋಕೂ ನೀರಿಲ್ಲ ಅಂತ. ಒಂದು ಜಗ್ಗು ತುಂಬಿಸಿ ನಾನೇ ಕೊಟ್ಟುಬಂದೆ."

ಪಕ್ಕದ ಮನೆಯ ಬಾಗಿಲನ್ನು ಗೋಡೆಲೀವ್ ತಟ್ಟಲಿಲ್ಲ, ತಳ್ಳಿದಳು. ಲೀಸ್‌ಬೆತ್ ಕಿಟಕಿಯ ಬಳಿ ಕೂತು ಐದು ತಿಂಗಳ ವಾನೆಸ್‌ಗೆ ಹಾಲು ಕುಡಿಸುತ್ತಿದ್ದಳು. ಗೋಡೆಲೀವ್ ಬಾಟಲಿಯನ್ನು ಕಿತ್ತುಕೊಂಡಳು. ಮಗು ಕಿಟಾರನೆ ಕಿರುಚಿತು.

"ಹುಚ್ಚು ಹಿಡಿದಿದ್ಯಾ ನಿಮ್ಗೆ?"

"ವಿಷ ಕಣಮ್ಮ ಅದು, ವಿಷ! ಎದ್ದೇಳು, ಆಸ್ಪತ್ರೆಗೆ ಹೋಗೋಣ!"

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದು ಒಂದೇ ಮಾತು, ಎಷ್ಟು ಕುಡಿದಿದೆ? ಗೋಡೆಲೀವ್ ಬಾಟಲಿಯನ್ನು ಬೆಳಕಿಗೆ ಹಿಡಿದಳು. ಅಭ್ಯಾಸಬಲದಿಂದ ಅವಳ ಕೈ ತಾನಾಗಿ ಮೇಲೆದ್ದು, ಹಾಲು ಇಳಿದಿದ್ದ ಜಾಗಕ್ಕೆ ಅಡ್ಡ ನಿಂತಿತು.

"ಎರಡು ಬೆರಳು" ಎಂದಳು.

ವಾನೆಸ್ ಮೂರು ದಿನ ತೀವ್ರ ನಿಗಾದ ಗಾಜಿನ ಕೋಣೆಯಲ್ಲಿದ್ದ. ಆ ಮೂರು ದಿನ ಗೋಡೆಲೀವ್ ಹೊರಗಿನ ಬೆಂಚು ಬಿಟ್ಟು ಏಳಲಿಲ್ಲ. ಲೀಸ್‌ಬೆತ್ ಅವಳತ್ತ ತಿರುಗಿಯೂ ನೋಡಲಿಲ್ಲ. ನಾಲ್ಕನೆಯ ದಿನ ಮಗು ಹಸಿವಿಗೆ ಅತ್ತಿತು. ಬದುಕಿತು. ಗೋಡೆಲೀವ್ ಕಚೇರಿಗೆ ಹೋಗಿ, ತಪ್ಪು ಯಾರದು ಎಂಬ ಜಾಗದಲ್ಲಿ ತನ್ನ ಹೆಸರನ್ನೇ ಬರೆದು ವರದಿ ಕೊಟ್ಟಳು. ಆರು ತಿಂಗಳು ಅವಳನ್ನು ಮೇಜಿನ ಹಿಂದೆ ಕೂರಿಸಿದರು.

ಮತ್ತೆ ತಪಾಸಣೆಗೆ ಕಳಿಸಿದಾಗ ಅವಳು ಮೊದಲು ಹೋದದ್ದು ಅದೇ ಬೀದಿಗೆ. ಸಿಮೋನಳ ಅಟ್ಟಕ್ಕೆ ಏಣಿ ಹತ್ತಿ ಇಳಿದು, ಪಕ್ಕದ ಮನೆಗೆ ಹೋದಳು. ಲೀಸ್‌ಬೆತ್ ಬಾಗಿಲು ತೆರೆದು ಪಕ್ಕಕ್ಕೆ ಸರಿದಳು. ಅಡುಗೆಮನೆಯ ನಲ್ಲಿಯ ಕೆಳಗೆ ಗೋಡೆಲೀವ್ ಬೆರಳು ಅಡ್ಡ ಹಿಡಿಯಲು ಹೋದಾಗ ಹಿಂದಿನಿಂದ ದನಿ ಬಂತು.

"ಬೇಡ. ಆ ಬೆರಳು ಮಾತ್ರ ನಂಗೆ ತೋರಿಸ್ಬೇಡಿ."

ಗೋಡೆಲೀವ್ ಕೈಯನ್ನು ಕೋಟಿನ ಜೇಬಿಗೆ ಇಳಿಸಿದಳು. ಈಗ ಅವಳು ಮರದ ಅಳತೆಪಟ್ಟಿ ಇಟ್ಟುಕೊಂಡು ತಿರುಗುತ್ತಾಳೆ.