ಎಡಗೈಯ ಅಳತೆ

ಮೊದಲು ಕೆಟ್ಟದ್ದು ಬೆಳಗಿನ ಹೊತ್ತು. ಎದ್ದರೆ ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಲು ಹೋದರೆ ಕತ್ತರಿ ಜಾರುತ್ತಿತ್ತು. ದೆಹಲಿಯ ಚಳಿ ಎಂದುಕೊಂಡೆ. ಚಳಿ ಹೋಯಿತು, ನೋವು ಉಳಿಯಿತು.

ಡಾಕ್ಟರು ರುಮಟಾಯ್ಡ್ ಆರ್ಥ್ರೈಟಿಸ್ ಎಂದರು. ಆ ಹೆಸರು ನನ್ನ ನಾಲಿಗೆಯಲ್ಲಿ ಹೊರಳಲಿಲ್ಲ. ಮೈಯೇ ತನ್ನ ಕೀಲುಗಳನ್ನು ತಿನ್ನುವ ಕಾಯಿಲೆ ಎಂದು ಮಗ ರಮೇಶ ಬಿಡಿಸಿ ಹೇಳಿದ. ಅವನು ದೆಹಲಿಯಲ್ಲಿ ಸರ್ಕಾರಿ ಕಚೇರಿಯ ಕ್ಲರ್ಕು. ನಾವಿರುವುದು ಘಾಜಿಯಾಬಾದಿನ ಫ್ಲಾಟಿನಲ್ಲಿ: ಅವನು, ಸೊಸೆ ಸುಧಾ, ಮೊಮ್ಮಗಳು ನೇಹಾ, ನಾನು. ಎಲ್ಲರಿಗೂ ಒಂದೇ ಬಚ್ಚಲು, ಸಂಡಾಸೂ ಅದರೊಳಗೇ.

ವರ್ಷಗಟ್ಟಲೆ ಮಾತ್ರೆ ನುಂಗಿದೆ. ಬೆರಳು ಸೊಟ್ಟಗಾದವು. ಸೊಟ್ಟ ಬೆರಳಲ್ಲೇ ಚಪಾತಿ ಲಟ್ಟಿಸಿದೆ. ಎಡಗೈಯ ಮಣಿಕಟ್ಟು ಮಾತ್ರ ಪೂರಾ ಸೋತುಹೋಯಿತು. ಬಗ್ಗಿಸಿದರೆ ಒಳಗೆ ಗಾಜಿನ ಚೂರು ಉಜ್ಜಿದ ಹಾಗೆ.

ಇನ್ನು ಮುಂದಿನದನ್ನು ನಾಚಿಕೆ ಬಿಟ್ಟೇ ಬರೆಯಬೇಕು. ಶೌಚಕ್ಕೆ ಹೋದರೆ ತೊಳೆದುಕೊಳ್ಳಲು ಆಗುತ್ತಿರಲಿಲ್ಲ. ಬಲಗೈ ಅಷ್ಟು ಕೆಟ್ಟಿರಲಿಲ್ಲ ನಿಜ. ಆದರೆ ಆ ಕೈಯಲ್ಲಿ ತೊಳೆದು ಅದೇ ಕೈಯಲ್ಲಿ ಅನ್ನ ಕಲಸಿಕೊಳ್ಳುವುದು ನನ್ನಿಂದಾಗದ ಕೆಲಸ. ಸೋಪು ಹಾಕಿದರಾಯಿತಲ್ಲ ಎನ್ನುವವರು ಎನ್ನಲಿ. ಮಂಡಿನೋವಿಗೆಂದು ರಮೇಶ ಕಮೋಡು ಹಾಕಿಸಿದ್ದ, ಪಕ್ಕದಲ್ಲಿ ನೀರಿನ ಪೈಪನ್ನೂ ಹಾಕಿಸಿದ್ದ. ಕೈ ತಾಗದೆ ಶುಚಿಯಾದೆ ಎಂದು ನನಗೆ ಅನ್ನಿಸುತ್ತಿರಲಿಲ್ಲ. ಅದಕ್ಕೇ ರಾತ್ರಿಯ ಊಟ ಬಿಟ್ಟೆ. ಹಸಿವಿಲ್ಲ ಎಂದೆ.

ಒಂದು ದಿನ ಹೊಟ್ಟೆ ಕೆಟ್ಟಿತು. ಸೀರೆ ಹೊಲಸಾಯಿತು. ಚಿಲಕ ಹಾಕಿಕೊಂಡು ಒಳಗೇ ಕೂತುಬಿಟ್ಟೆ.

"ಅತ್ತೆ, ಬಾಗಿಲು ತೆಗೀರಿ."

"ನೀನು ಹೋಗು."

"ಎಷ್ಟೊತ್ತಾಯ್ತು! ತೆಗೀತೀರೋ, ಕೆಳಗಿಂದ ಚೌಕಿದಾರ್ ಭಯ್ಯಾನ ಕರೆದು ಒಡೆಸ್ಲೋ?"

ತೆಗೆದೆ. ಸುಧಾ ನನ್ನನ್ನು ಒಮ್ಮೆ ನೋಡಿದಳು. ದುಪಟ್ಟಾ ಸೊಂಟಕ್ಕೆ ಕಟ್ಟಿಕೊಂಡಳು.

ಸೊಸೆ ನನ್ನನ್ನು ತೊಳೆದಳು.

ಅವತ್ತಿನಿಂದ ದಿನಾ ಅವಳೇ. ಚಿಲಕ ಹಾಕಬಾರದು ಎಂದು ಕಾಯಿದೆ ಮಾಡಿದಳು. ರಮೇಶನಿಗೆ ಹೇಳಬಾರದು ಎಂದು ನಾನು ಅವಳ ಕೈಯಲ್ಲಿ ಆಣೆ ಮಾಡಿಸಿದೆ. ಅವನು ಆಫೀಸಿಗೆ, ನೇಹಾ ಸ್ಕೂಲಿಗೆ ಹೊರಡುವ ಗಡಿಬಿಡಿಯಲ್ಲಿ ಅವಳು ಒಲೆ ಸಣ್ಣ ಮಾಡಿ ನನ್ನ ಹತ್ತಿರ ಬರುತ್ತಿದ್ದಳು. ನಾನು ಗೋಡೆ ನೋಡುತ್ತಿದ್ದೆ. ಅವಳ ಮೇಲೆ ಪ್ರೀತಿ ಉಕ್ಕಿತು ಎಂದು ಬರೆದರೆ ಸುಳ್ಳಾಗುತ್ತದೆ. ಆಗುತ್ತಿದ್ದದ್ದು ಅಸಹ್ಯ, ಅದೂ ನನ್ನ ಮೇಲೆ. ಆ ಸಿಟ್ಟಿಗೆ, ಅವಳು ಮಾಡಿದ ಉಪ್ಪಿಟ್ಟಿಗೆ ಉಪ್ಪಿಲ್ಲ ಎನ್ನುತ್ತಿದ್ದೆ.

ನೋವು ತಡೆಯಲಾಗದೆ ದೆಹಲಿಯ ದೊಡ್ಡ ಆಸ್ಪತ್ರೆಗೆ ಹೋದೆವು. ನೇಹಾಳ ಪರೀಕ್ಷೆಯೆಂದು ಸುಧಾ ಮನೆಯಲ್ಲೇ ಉಳಿದಳು. ಸರ್ಜನ್ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಎಡಗೈಯ ಕೀಲು ಸವೆದು ಮುಗಿದಿದೆ, ಪ್ಲೇಟ್ ಹಾಕಿ ಮೂಳೆಗಳನ್ನು ಒಂದು ಮಾಡುತ್ತೇವೆ, ನೋವು ಹೋಗುತ್ತದೆ, ಮಣಿಕಟ್ಟು ಮಾತ್ರ ಮತ್ತೆ ಬಗ್ಗುವುದಿಲ್ಲ ಎಂದರು.

"ಎಡಗೈ ತಾನೆ ಅಮ್ಮಾ, ಅದಕ್ಕೇನು ಕೆಲಸ?" ಎಂದ ರಮೇಶ. ಅವನಿಗೆ ಸಮಾಧಾನವಾಗಿತ್ತು.

ಅದಕ್ಕೇನು ಕೆಲಸ!

ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೆ ಇದನ್ನು ಹೇಗೆ ಹೇಳಲಿ? ಅಚ್ಛಾ ಎಂದು ತಲೆಯಾಡಿಸಿದೆ.

ಆಪರೇಷನ್ನಿನ ಹಿಂದಿನ ದಿನ ವಾರ್ಡಿನಲ್ಲಿ ಚಿಕ್ಕ ಡಾಕ್ಟರಮ್ಮ ಬಂದು ನನ್ನ ಎಡ ತೋಳಿನ ಮೇಲೆ ಪೆನ್ನಿನಿಂದ ಗುರುತು ಹಾಕಿದಳು. ಕೈ ಹೇಗಿರುತ್ತದೆ ಎಂದು ಕೇಳಿದೆ. ಅವಳು ತನ್ನ ಕೈಯನ್ನೇ ಚಾಚಿ, ಬಿಲ್ಕುಲ್ ಸೀಧಾ, ಎಂದಳು. ಸೌಟಿನ ಹಿಡಿಯಷ್ಟು ನೆಟ್ಟಗೆ. ಆ ಕೈ ತಲುಪಬೇಕಾದ ಕಡೆಗೆ ಯಾವತ್ತೂ ತಲುಪುವುದಿಲ್ಲ. ಅಂದರೆ ನಾನು ಸಾಯುವ ತನಕ ಸುಧಾ ಒಲೆ ಸಣ್ಣ ಮಾಡಿ ಬರಬೇಕು.

ನನ್ನ ಹಿಂದಿ ತರಕಾರಿಯವನ ಹತ್ತಿರ ಕಲಿತದ್ದು. ಇಂಥ ಮಾತಿಗೆ ಅದರಲ್ಲಿ ಮರ್ಯಾದೆಯ ಪದಗಳಿಲ್ಲ.

"ಸೀಧಾ ಹೋಗಾ ತೋ ಪೀಛೇ ಕೈಸೇ ಧೋಯೇಗಾ?" ಎಂದೆ. ನೆಟ್ಟಗಾದರೆ ಹಿಂದೆ ತೊಳೆಯುವುದು ಹೇಗೆ? ಜೋರಾಗಿಯೇ ಬಂತು ಮಾತು.

ಇಡೀ ವಾರ್ಡು ತಿರುಗಿ ನೋಡಿತು.

ಪಕ್ಕದ ಹಾಸಿಗೆಯ ಪಂಜಾಬಿ ಮುದುಕಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಕಿತ್ತಳೆ ಸುಲಿಯುತ್ತಿದ್ದ ಸುಧಾ ತಲೆ ಎತ್ತಲಿಲ್ಲ. ರಮೇಶ ಕಿಟಕಿಯ ಕಡೆ ತಿರುಗಿದ. ಅವನ ಕಿವಿ ಕೆಂಪಾಗಿತ್ತು.

"ಇದನ್ನ ಮೊದಲೇ ಹೇಳೋದಲ್ವಾ ಅಮ್ಮಾ?"

"ಯಾರಿಗೆ? ನಿನಗಾ?"

ದೊಡ್ಡ ಸರ್ಜನ್ ಬಂದರು. ಅವರು ನಗಲಿಲ್ಲ. ನಾವೇ ಕೇಳಬೇಕಿತ್ತು ಮಾಜೀ, ಎಂದರು. ಕೈಯನ್ನು ಅಂಗೈ ಕಡೆಗೆ ಸ್ವಲ್ಪ ಬಾಗಿಸಿಯೂ ಕೂರಿಸಬಹುದಂತೆ. ಎಷ್ಟು ಬಾಗಬೇಕು ಎನ್ನುವುದನ್ನು ನಾನೇ ಹೇಳಬೇಕಂತೆ. ಅದಕ್ಕೆ ಮೊದಲು ಬರೀ ಪ್ಲಾಸ್ಟರ್ ಕಟ್ಟಿ ನೋಡುವುದು ಎಂದಾಯಿತು. ಆಪರೇಷನ್ ಮುಂದಕ್ಕೆ ಹೋಯಿತು.

ಪ್ಲಾಸ್ಟರಿನ ಮೇಲೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ನಾನು ವಾರ್ಡಿನ ಸಂಡಾಸಿಗೆ ಹೊರಟೆ. ಯಾಕೆ ಹೊರಟಿದ್ದೇನೆಂದು ಎಲ್ಲರಿಗೂ ಗೊತ್ತು. ಆಯಾಗಳು ದಾರಿ ಬಿಟ್ಟರು. ಇಷ್ಟು ವಯಸ್ಸಾಗಿ ಇಂಥ ಪರೀಕ್ಷೆಗೆ ಕೂರುವುದಕ್ಕಿಂತ ನೆಲ ಬಾಯಿಬಿಟ್ಟರೆ ಚೆನ್ನಾಗಿತ್ತು. ಕೈ ತಲುಪಲಿಲ್ಲ. ಹೊರಗೆ ಬಂದು, "ನಹೀಂ" ಎಂದೆ. ಪ್ಲಾಸ್ಟರ್ ಬಿಚ್ಚಿ, ಇನ್ನಷ್ಟು ಬಾಗಿಸಿ ಕಟ್ಟಿದರು. ಕಿರುಚಿಕೊಂಡೆ. ಮತ್ತೆ ಹೋದೆ.

"ಅತ್ತೆ, ಸಿಕ್ತಾ?" ಹೊರಗಿನಿಂದ ಸುಧಾ.

ಸಿಕ್ಕಿತ್ತು. ಕಣ್ಣಲ್ಲಿ ನೀರು ಬಂದಿತ್ತು, ಫಿನಾಯಿಲ್ ವಾಸನೆಗೆ ಅಂತ ಇಟ್ಟುಕೊಳ್ಳಿ.

ಅದೇ ಅಳತೆಗೆ ಆಪರೇಷನ್ ಮಾಡಿದರು. ಮೂಳೆ ಕೂಡುವ ತನಕ ಮತ್ತೆ ಸುಧಾಳೇ. ಕಟ್ಟು ಬಿಚ್ಚಿದಾಗ ಕೈ ಯಾರನ್ನೋ ಹತ್ತಿರ ಕರೆಯುತ್ತಿರುವಂತೆ ಬಾಗಿತ್ತು. ಗಾಜಿನ ಚೂರು ಉಜ್ಜುವ ಆ ನೋವು ಇರಲಿಲ್ಲ.

ಕೆಳಗಿನ ಮನೆಯ ಆಂಟಿ ನೋಡಲು ಬಂದವಳು ಕೈ ನೋಡಿ ಲೊಚಗುಟ್ಟಿದಳು. ಎಂಥ ಡಾಕ್ಟರು, ಸೊಟ್ಟ ಜೋಡಿಸಿ ಕಳಿಸಿದ್ದಾರೆ ಎಂದಳು. ಸುಧಾ ಚಹಾ ಕೊಡುತ್ತಾ, ಸೊಟ್ಟ ಅಲ್ಲ ಆಂಟಿ, ಬ್ಲೌಸಿನ ಹಾಗೆ ಅಳತೆ ಕೊಟ್ಟು ಮಾಡಿಸಿದ್ದು, ಎಂದು ಹಿಂದಿಯಲ್ಲಿ ಹೇಳಿದಳು. ನಾನು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಈಗಲೂ ಜನ ಬಂದರೆ ಎಳೆದುಕೊಳ್ಳುತ್ತೇನೆ. ಬಲಗೈಯೂ ಸವೆಯುತ್ತಿದೆ. ಅದರ ಸರದಿ ಬಂದಾಗ ನೋಡೋಣ.

ಆ ಕೈಯನ್ನು ಬಳಸಬಹುದು ಎಂದು ಡಾಕ್ಟರು ಹೇಳಿದ ಮಾರನೆಯ ಬೆಳಿಗ್ಗೆ ಬಚ್ಚಲಿಗೆ ಹೋದೆ. ಬಲ ಮೊಣಕೈಯಿಂದ ಚಿಲಕ ನೂಕಿದೆ.

"ಅತ್ತೆ, ಚಿಲಕ ಹಾಕ್ಬೇಡಿ ಅಂದಿದ್ದೆ."

"ಹಾಕಾಯ್ತು. ನೀನು ಹೋಗು, ಒಲೆ ಮೇಲೆ ಹಾಲಿದೆ."

ಅವಳು ಹೋಗಲಿಲ್ಲ. ಬಾಗಿಲ ಕೆಳಗಿನ ಸಂದಿಯಲ್ಲಿ ಅವಳ ಚಪ್ಪಲಿ ಕಾಣುತ್ತಿತ್ತು. ನನ್ನ ಕೆಲಸ ಮುಗಿಸಿ, ನಾನೇ ತೊಳೆದುಕೊಂಡು, ಕೈಗೆ ಸೋಪು ಹಾಕಿ ಚಿಲಕ ತೆಗೆದೆ. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ. ಹಾಲು ಉಕ್ಕಿ ಸೀದ ವಾಸನೆ ಬರುತ್ತಿತ್ತು.

ಅವತ್ತು ಉಪ್ಪಿಟ್ಟು ಚೆನ್ನಾಗಿದೆ ಎಂದೆ. ನಿಜಕ್ಕೂ ಉಪ್ಪು ಕಡಿಮೆಯಿತ್ತು.