ಲೋಬೊಗಳ ಕಪ್ತಾನ

“ಲೋಬೊ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ತೋಳ. ಸ್ಪೇನ್ ದೇಶದ ಲೋಬೊ ಎಂಬ ಕಪ್ತಾನನ ಹಡಗು ಕಾಪುವಿನ ಬಂಡೆಗೆ ಬಡಿದು ಒಡೆಯಿತು. ಇಲ್ಲಿನ ದೋಣಿಯವರು ಅವನನ್ನು ನೀರಿನಿಂದ ಎತ್ತಿ ದಡಕ್ಕೆ ತಂದರು. ಅವನು ಇಲ್ಲಿಯೇ ಮದುವೆಯಾಗಿ ನೆಲೆಸಿದ. ಕಾಪುವಿನಿಂದ ಕಾರ್ಕಳದವರೆಗೆ ಇರುವ ಲೋಬೊಗಳೆಲ್ಲ ಅವನ ಸಂತಾನ.”

ನಮ್ಮ ಕಡೆಯ ಕ್ರೈಸ್ತ ಮದುವೆಗಳಲ್ಲಿ ಊಟಕ್ಕೆ ಮೊದಲು ಹಿರಿಯರೊಬ್ಬರು ಗ್ಲಾಸು ಎತ್ತಿ ವಧೂವರರ ಮನೆತನಗಳನ್ನು ಹೊಗಳುವ ಪದ್ಧತಿಯುಂಟು. ಅದಕ್ಕೆ ಟೋಸ್ಟ್ ಎನ್ನುತ್ತೇವೆ. ಮೇಲಿನ ಮಾತುಗಳನ್ನು ಅಂಥ ಟೋಸ್ಟ್‌ಗಳಲ್ಲಿ ನಾನು ಅನೇಕ ಬಾರಿ ಕೇಳಿದ್ದೇನೆ. ಒಮ್ಮೆಯೂ ನಂಬಿರಲಿಲ್ಲ. ಆದರೆ ನಂಬದಿರುವುದಕ್ಕೂ ತಪ್ಪೆಂದು ತೋರಿಸುವುದಕ್ಕೂ ಇರುವ ಅಂತರ ನನಗೆ ತಿಳಿದದ್ದು ೨೦೨೨ರ ಕೊನೆಯಲ್ಲಿ, ಇದೇ ಕಥೆ ಇಬ್ಬರು ಬದುಕಿರುವ ಮನುಷ್ಯರನ್ನು ಬೋನಿಗೆ ಹಾಕಿದಾಗ.

ಆಗ ನಾನು ಅಂಬಲಪಾಡಿಯಲ್ಲಿ ವಾಸವಿದ್ದೆ. ವೃತ್ತಿಯಿಂದ ರಾಯ್ಬಾರಿ. ಕೊಂಕಣಿ ಕ್ರೈಸ್ತರಲ್ಲಿ ಎರಡು ಮನೆಗಳ ನಡುವೆ ಮದುವೆಯ ಮಾತುಕತೆ ನಡೆಸುವವನಿಗೆ ಈ ಹೆಸರು. ಹುಡುಗ ಹುಡುಗಿ ತಾವೇ ಒಪ್ಪಿಕೊಂಡು ಬಂದರೂ, ಹಿರಿಯರ ನಡುವೆ ಮಾತು ಒಯ್ಯಲು, ಒರಟಾದ ಮಾತನ್ನು ದಾರಿಯಲ್ಲಿ ನಯಗೊಳಿಸಲು ನಮ್ಮಂಥವರು ಬೇಕಾಗುತ್ತಿತ್ತು. ನನ್ನ ಶಾಲೆ ಎಂಟನೆಯ ತರಗತಿಗೆ ಮುಗಿದಿತ್ತು. ಉಳಿದದ್ದನ್ನು ಉಡುಪಿಯ ಗ್ರಂಥಾಲಯದಲ್ಲಿ, ನಿಘಂಟುಗಳ ಎದುರು ಕುಳಿತು ನಾನೇ ಕಲಿತೆ. ಉಪನಾಮಗಳು ನನ್ನ ವೃತ್ತಿಯ ಕಚ್ಚಾವಸ್ತುವಾದುದರಿಂದ ಅವುಗಳ ಮೇಲೆ ನನಗೆ ಸಹಜವಾಗಿಯೇ ಸಂಶಯ ಹೆಚ್ಚು.

ಹುಡುಗಿ ಲವೀನಾ ಲೋಬೊ, ಕಾಪುವಿನವಳು, ಮಣಿಪಾಲದಲ್ಲಿ ಫಿಸಿಯೋಥೆರಪಿಸ್ಟ್. ಹುಡುಗ ನೆಲ್ಸನ್ ಲೋಬೊ, ಕಾರ್ಕಳಕ್ಕೆ ತಾಗಿದ ಕುಕ್ಕುಂದೂರಿನವನು, ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸ. ಇಬ್ಬರೂ ಮೂರು ವರ್ಷಗಳಿಂದ ಪರಸ್ಪರ ಒಪ್ಪಿದ್ದರು. ಹುಡುಗಿಯ ಕಡೆಯ ಹಿರಿಯರು ಅಜ್ಜ ಸಾಲ್ವದೋರ್ ಮಾಷ್ಟ್ರು, ನಿವೃತ್ತ ಮುಖ್ಯೋಪಾಧ್ಯಾಯರು. ಹುಡುಗನ ಕಡೆಯವರು ಅವನನ್ನು ಸಾಕಿದ, ಮದುವೆಯಾಗದೆ ಉಳಿದ, ತಂದೆಯ ಅಕ್ಕ ಬೆನೆದಿಕ್ತಾಬಾಯಿ. ನೋಡುವುದಕ್ಕೆ ಇಷ್ಟು ಸುಲಭದ ಸಂಬಂಧ ನನ್ನ ಕೈಗೆ ಬಂದದ್ದು ಕಡಿಮೆ.

ಡಿಸೆಂಬರಿನ ಒಂದು ಭಾನುವಾರ ಬೆನೆದಿಕ್ತಾಬಾಯಿಯನ್ನು ಕಾಪುವಿಗೆ ಕರೆದುಕೊಂಡು ಹೋದೆ. ಮಾತು ನಡೆದದ್ದು ಕೊಂಕಣಿಯಲ್ಲಿ. ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ. ಮಾಷ್ಟ್ರು ಬಹಳ ಉತ್ಸಾಹದಲ್ಲಿದ್ದರು. ಅತಿಥಿ ಕುಳಿತ ಕೂಡಲೇ ಎರಡೂ ಕೈ ಅಗಲಿಸಿದರು.

“ನೀವೂ ಲೋಬೊ, ನಾವೂ ಲೋಬೊ! ಸಂಕೋಚ ಬೇಡ ಬಾಯಿ. ಒಬ್ಬನೇ ಕಪ್ತಾನನ ರಕ್ತ ಅಲ್ವಾ ನಾವು?”

ಬೆನೆದಿಕ್ತಾಬಾಯಿ ಮುರಿದಿದ್ದ ಚಕ್ಕುಲಿಯನ್ನು ತಟ್ಟೆಯಲ್ಲಿ ಇಟ್ಟರು. “ಹಾಗಾದ್ರೆ ಇವರಿಬ್ಬರು ಅಣ್ಣ ತಂಗಿ ಆಯ್ತಲ್ಲ ಮಾಷ್ಟ್ರೇ. ಅಣ್ಣ ತಂಗಿಗೆ ಮದುವೆ ಮಾಡ್ಲಿಕ್ಕೆ ನಾನು ಕುಕ್ಕುಂದೂರಿನಿಂದ ಕಾರು ಮಾಡಿಕೊಂಡು ಬಂದದ್ದಾ?”

“ಅಯ್ಯೋ, ಅದು ಎಷ್ಟೋ ತಲೆಮಾರಿನ ಹಿಂದಿನ ಮಾತು!”

“ಗ್ಲಾಸು ಎತ್ತುವಾಗ ಕಪ್ತಾನ ಮೊನ್ನೆ ಬಂದು ಇಳಿದ ಹಾಗೆ ಹೇಳ್ತೀರಿ. ಈಗ ಹಿಂದಿನ ಮಾತಾಯ್ತಾ?”

ಅವರು ತಮಾಷೆ ಮಾಡುತ್ತಿದ್ದಾರೆಂದು ನಾನು ಭಾವಿಸಿದೆ. ಅಲ್ಲ. ಹಿಂದಿರುಗುವ ದಾರಿಯಲ್ಲಿ, ಬೆಳ್ಮಣ್ಣು ದಾಟಿದ ಮೇಲೆ ಒಂದೇ ಮಾತು: “ಒಂದೇ ರಕ್ತದವರನ್ನು ಕಟ್ಟಿ, ನಾಳೆ ಮಗುವಿಗೆ ಏನಾದರೂ ಆದ್ರೆ ನನ್ನ ತಮ್ಮನಿಗೆ ಸ್ವರ್ಗದಲ್ಲಿ ಎಂತ ಹೇಳಲಿ?”

ನಾನು ಇಗರ್ಜಿಗೆ ಹೋಗಿ ಪಾದ್ರಿಗಳನ್ನು ಕೇಳಿದೆ. ರಕ್ತಸಂಬಂಧದ ಅಡ್ಡಿಯನ್ನು ಚರ್ಚಿನ ಕಾನೂನು ಹತ್ತಿರದ ದಾಯಾದಿಗಳವರೆಗೆ ಮಾತ್ರ ಎಣಿಸುತ್ತದೆ. ನೂರಾರು ವರ್ಷಗಳ ಹಿಂದಿನ ಕಪ್ತಾನ ನಿಜವಾಗಿದ್ದರೂ ಮದುವೆಗೆ ತೊಡಕಿಲ್ಲ ಎಂದು ಅವರು ವಿವರಿಸಿದರು. “ಚರ್ಚಿನ ಬಾಗಿಲು ತೆರೆದೇ ಉಂಟು. ಆ ಬಾಯಿಯ ಮನಸ್ಸಿನ ಬಾಗಿಲಿಗೆ ನನ್ನ ಹತ್ತಿರ ಚಾವಿ ಇಲ್ಲ,” ಎಂದರು.

ನಾನು ಮಾಷ್ಟ್ರಿಗೆ ಒಂದು ಉಪಾಯ ಹೇಳಿದೆ. ಕಪ್ತಾನ ಕಾಪುವಿನ ಲೋಬೊಗಳಿಗೆ ಮಾತ್ರ ಸೇರಿದವನು, ಕಾರ್ಕಳದವರು ಬೇರೆ ಎಂದು ಹೇಳಿದರೆ ಸಾಕಲ್ಲ? ಅವರು ಸಂತೋಷದಿಂದ ಒಪ್ಪಿದರು. ಆ ಮಾತನ್ನು ಕುಕ್ಕುಂದೂರಿಗೆ ಒಯ್ದಾಗ ಬೆನೆದಿಕ್ತಾಬಾಯಿ ಎದ್ದು ನಿಂತರು.

“ಅವರದ್ದು ಸ್ಪೇನ್, ನಮ್ಮದು ಗದ್ದೆಯ ಕೆಸರು, ಹಾಗಾ? ಅಷ್ಟು ದೊಡ್ಡ ಮನೆತನದ ಹುಡುಗಿ ನಮಗೆ ಬೇಡ. ಹೋಗಿ ಹೇಳಿ.”

ಬೋನಿನ ಆಕಾರ ನನಗೆ ಆಗ ಪೂರ್ತಿ ಕಂಡಿತು. ಲೋಬೊಗಳೆಲ್ಲ ಒಂದೇ ರಕ್ತವೆಂದರೆ ಮದುವೆ ಇಲ್ಲ. ಕಾಪುವಿನವರು ಮಾತ್ರ ಸ್ಪೇನಿನವರೆಂದರೆ ಅವಮಾನ, ಆಗಲೂ ಮದುವೆ ಇಲ್ಲ. ಕಪ್ತಾನನೇ ಇರಲಿಲ್ಲವೆನ್ನುವ ಮೂರನೆಯ ದಾರಿಯೊಂದಿತ್ತು; ಅದರ ಅಡ್ಡಕ್ಕೆ ಮಾಷ್ಟ್ರು ತಾವೇ ನಿಂತಿದ್ದರು. ಮೂರು ತಲೆಮಾರಿನ ವಿದ್ಯಾರ್ಥಿಗಳಿಗೆ ಅವರು ಆ ಕಥೆ ಹೇಳಿದ್ದರು.

ಕಾಲವೂ ಕಿರಿದಾಗುತ್ತಿತ್ತು. ಈಸ್ಟರ್‌ಗೆ ಮುಂಚಿನ ತಪಸ್ಸಿನ ಕಾಲದಲ್ಲಿ ನಮ್ಮಲ್ಲಿ ಮದುವೆ ನಡೆಸುವುದಿಲ್ಲ. ಬರುವ ವರ್ಷ ತಪಸ್ಸು ಫೆಬ್ರವರಿಯಲ್ಲೇ ಆರಂಭವಾಗುವುದಿತ್ತು. ಅದಕ್ಕೂ ಮೊದಲು, ಆಕ್ಷೇಪವಿದ್ದವರು ತಿಳಿಸಲೆಂದು, ಮೂರು ಭಾನುವಾರ ಇಗರ್ಜಿಯಲ್ಲಿ ವಧೂವರರ ಹೆಸರು ಓದಬೇಕು. ಮುಂದೂಡಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಮುಂದೂಡಿದ ಸಂಬಂಧಗಳು ಏನಾಗುತ್ತವೆ ಎಂಬುದನ್ನು ರಾಯ್ಬಾರಿ ಬಲ್ಲ.

ನೆಲ್ಸನ್ ನನ್ನ ಎದುರು ಹೇಳಿದ: “ಆಕಯ್ ಹೂಂ ಅನ್ನದೆ ನಾನು ಇಗರ್ಜಿಯ ಮೆಟ್ಟಿಲು ಹತ್ತುವುದಿಲ್ಲ. ಬೇರೆ ಹುಡುಗಿಯನ್ನೂ ನೋಡುವುದಿಲ್ಲ.” ತಂದೆಯ ಅಕ್ಕನನ್ನು ಅವನು ಕರೆಯುವುದು ಆಕಯ್ ಎಂದು. ಲವೀನಾ ಅಜ್ಜನ ಎದುರು ನಿಂತು ಹೇಳಿದ್ದು ಇನ್ನೂ ಖಾರವಾಗಿತ್ತು: “ಆಬ್, ನಾನು ಬೇರೆ ಯಾರನ್ನೂ ಮದುವೆಯಾಗುವುದಿಲ್ಲ. ಈ ಮನೆಯಲ್ಲೇ ಇರ್ತೇನೆ. ನೀವು ಮತ್ತು ನಿಮ್ಮ ಕಪ್ತಾನ ಸೇರಿ ನನ್ನನ್ನು ಸಾಕಿ.”

ಆ ವಾರಗಳಲ್ಲಿ ನಾನು ಮತ್ತೆ ಗ್ರಂಥಾಲಯದಲ್ಲಿ ಕುಳಿತೆ. ತಿಳಿದದ್ದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಲೋಬೊ ಎಂದರೆ ಸ್ಪ್ಯಾನಿಷ್‌ನಲ್ಲಿ ತೋಳ ಎಂಬುದು ಸತ್ಯ. ಪೋರ್ಚುಗೀಸಿನಲ್ಲಿಯೂ ಅದೇ ಪದ, ಅದೇ ಅರ್ಥ. ಎರಡೂ ಲ್ಯಾಟಿನ್ ಭಾಷೆಯಿಂದ ಬಂದವು. ಸ್ಪೇನಿನಲ್ಲಿ ಬಹಳ ಸಾಮಾನ್ಯವಾದ ಲೋಪೆಸ್ ಎಂಬ ಉಪನಾಮವೂ ಅದೇ ಬೇರಿನದೆಂದು ಬಲ್ಲವರು ಹೇಳುತ್ತಾರೆ. ಈ ಹೆಸರು ಸ್ಪೇನ್, ಪೋರ್ಚುಗಲ್, ದಕ್ಷಿಣ ಅಮೆರಿಕ, ಗೋವಾ ಮತ್ತು ನಮ್ಮ ಕರಾವಳಿಯಲ್ಲೆಲ್ಲ ಹರಡಿದೆ. ಹೆಸರು ಒಂದಾದರೆ ರಕ್ತವೂ ಒಂದೇ ಎನ್ನುವುದಾದರೆ, ಹಡಗು ಒಡೆದ ಒಬ್ಬ ಕಪ್ತಾನನಿಂದ ಗೋವಾದ ಲೋಬೊಗಳೂ ಹುಟ್ಟಿದರೆಂದು ಯಾರಾದರೂ ವಾದಿಸಬೇಕಾಗುತ್ತದೆ. ಪೋರ್ಚುಗಲ್ ಕೆಲಕಾಲ ಸ್ಪೇನಿನ ದೊರೆಗಳ ಕೈಯಲ್ಲಿದ್ದುದರಿಂದ ಒಬ್ಬ ಸ್ಪೇನಿನವನು ಈ ಕಡಲಿಗೆ ಬಂದಿರುವುದು ಅಸಾಧ್ಯವೇನಲ್ಲ. ಆದರೆ ಹೆಸರು ಹರಡಲು ಅವನ ಅಗತ್ಯವೇ ಇರಲಿಲ್ಲ. ಹೊಸದಾಗಿ ಕ್ರೈಸ್ತನಾದವನಿಗೆ ಜ್ಞಾನಸ್ನಾನ ಕೊಟ್ಟ ಪಾದ್ರಿಯ ಉಪನಾಮವೋ, ಆ ಹೊತ್ತಿನಲ್ಲಿ ಬೆನ್ನಿಗೆ ನಿಂತ ಧರ್ಮಪಿತನ ಉಪನಾಮವೋ ಬರುವುದು ರೂಢಿಯಾಗಿತ್ತು. ಒಂದೇ ದಿನ ನೀರು ಹಾಕಿಸಿಕೊಂಡ, ಪರಸ್ಪರ ಸಂಬಂಧವೇ ಇಲ್ಲದ ಹತ್ತು ಮನೆಗಳಿಗೆ ಒಂದೇ ಹೆಸರು ಬಂದಿರಬಹುದು.

ಇದನ್ನೆಲ್ಲ ಮಾಷ್ಟ್ರಿಗೆ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, “ಇರಬಹುದು. ಬೇರೆ ಲೋಬೊಗಳಿಗೆ,” ಎಂದರು. ನನ್ನ ಓದು ಅಲ್ಲಿಗೆ ಮುಗಿಯಿತು.

ಜನವರಿಯಲ್ಲಿ ಮಾಷ್ಟ್ರ ತಮ್ಮನ ಹೆಂಡತಿ ತೀರಿಕೊಂಡರು. ಸಂಸ್ಕಾರ ಸಂಜೆಗೆ ಇತ್ತು. ನಾನು ಬೆಳಿಗ್ಗೆಯೇ ತಲುಪಿದ್ದರಿಂದ ಹೊತ್ತು ಕಳೆಯಲು ಸಮುದ್ರದ ಕಡೆಗೆ ನಡೆದೆ. ನಾಡದೋಣಿಗಳೆಲ್ಲ ನೀರಿನಲ್ಲಿದ್ದವು. ಒಂದು ಮಾತ್ರ ಮರಳಿನ ಮೇಲೆ ಇತ್ತು. ಅದರ ನೆರಳಿನಲ್ಲಿ, ಮೀನು ಹಿಡಿಯುವ ಮೊಗವೀರ ಸಮುದಾಯದ ಗಿರಿಜಕ್ಕ ಖಾಲಿ ಬುಟ್ಟಿಯ ಪಕ್ಕ ಕುಳಿತಿದ್ದರು. ಕಾಪುವಿನ ಮಾರುಕಟ್ಟೆಯಲ್ಲಿ ಅವರ ಪರಿಚಯ ನನಗಿತ್ತು. ನಾವು ತುಳುವಿನಲ್ಲಿ ಮಾತಾಡಿದೆವು. ತುಳುವರು ನಮ್ಮವರನ್ನು ಪೊರ್ಬುಗಳು ಎಂದು ಕರೆಯುವುದು ವಾಡಿಕೆ.

“ಇವತ್ತು ಮೀನೂ ಇಲ್ಲ, ದೋಣಿಯೂ ಇಲ್ಲ ಪೊರ್ಬುಗಳೇ. ನಮಗೆ ಸೂತಕ.”

“ಯಾರು ಹೋದ್ರು?”

“ನೀವು ಯಾರ ಮನೆಗೆ ಬಂದದ್ದು? ಅದೇ. ಲೋಬೊ ಮನೆಯ ಸಾವು.”

“ಅದಕ್ಕೆ ನಿಮಗೆಂತ ಸೂತಕ ಗಿರಿಜಕ್ಕ? ನಿಮ್ಮ ದೋಣಿಯವರು ಅವರ ಕಪ್ತಾನನನ್ನು ಕಾಪಾಡಿದ್ದಂತೆ, ಅಷ್ಟೇ ಅಲ್ವಾ?”

ಅವರು ನಕ್ಕುಬಿಟ್ಟರು. “ಕಾಪಾಡಿದವರಿಗೆಲ್ಲ ಸೂತಕ ಹಿಡಿದ್ರೆ ನಾವು ಮೀನು ಹಿಡಿಯುವುದು ಯಾವಾಗ ಮಾರಾಯರೇ? ಕಪ್ತಾನನೂ ಇಲ್ಲ, ಗಿಪ್ತಾನನೂ ಇಲ್ಲ. ನನ್ನ ಅಜ್ಜಿಯ ಅಜ್ಜಿಗೆ ಒಬ್ಬ ತಮ್ಮ ಇದ್ದ. ಅವನು ಇಗರ್ಜಿಗೆ ಸೇರಿದ. ಯಾಕೆ ಅಂತ ನಮಗೆ ಗೊತ್ತಿಲ್ಲ. ನೀರು ಹಾಕುವಾಗ ಹಿಂದೆ ನಿಂತ ಪೊರ್ಬುವಿನ ಹೆಸರು ಇವನಿಗೂ ಬಂತಂತೆ. ನಮ್ಮಲ್ಲಿ ಕುಟುಂಬ ತಾಯಿಯ ಕಡೆಯಿಂದ ಲೆಕ್ಕ. ತಮ್ಮನ ಮಕ್ಕಳ ಸೂತಕ ನಮಗೆ ಬರುವುದೇ ಇಲ್ಲ. ಆದರೂ ಆ ಅಜ್ಜಿ, ಅವರ ಮನೆಯಲ್ಲಿ ಸಾವಾದ ದಿನ ನಮ್ಮ ದೋಣಿ ಇಳಿಯಬಾರದು ಅಂತ ಹೇಳಿ ಹೋದಳು. ಇಳಿಸಲಿಲ್ಲ.”

“ಮಾಷ್ಟ್ರಿಗೆ ಇದು ಗೊತ್ತುಂಟಾ?”

“ಚಿಕ್ಕವರಿದ್ದಾಗ ನಮ್ಮ ಅಂಗಳದಲ್ಲೇ ಬಿದ್ದುಕೊಂಡಿದ್ದರಲ್ಲ! ದೊಡ್ಡ ಶಾಲೆಗೆ ಹೋಗಿ ಬಂದ ಮೇಲೆ ನಮ್ಮ ಅಂಗಳ ಅವರಿಗೆ ದೂರ ಆಯ್ತು.”

ಈಗ ಬೋನಿನೊಳಗೆ ನಾನೂ ಇದ್ದೆ. ಕೈಯಲ್ಲಿ ಚಾವಿಯಿತ್ತು, ತಿರುಗಿಸುವ ಅಧಿಕಾರವಿರಲಿಲ್ಲ. ಒಂದು ಮನೆಯ ಹಳೆಯ ಸಂಗತಿಯನ್ನು ಆ ಮನೆಯವರ ಒಪ್ಪಿಗೆಯಿಲ್ಲದೆ ಇನ್ನೊಂದು ಮನೆಗೆ ಹೇಳಿದ ರಾಯ್ಬಾರಿಗೆ ಮುಂದೆ ಯಾರೂ ಬಾಗಿಲು ತೆರೆಯುವುದಿಲ್ಲ, ತೆರೆಯಲೂ ಬಾರದು. ಸಂಸ್ಕಾರ ಮುಗಿದ ಕೆಲವು ದಿನಗಳ ನಂತರ ಮಾಷ್ಟ್ರನ್ನು ಒಬ್ಬರೇ ಇರುವಾಗ ಕಂಡು ಕೇಳಿದೆ: “ಮಾಷ್ಟ್ರೇ, ನೀವು ಯಾರನ್ನಾದರೂ ಸಮುದ್ರದಿಂದ ಎತ್ತಿದರೆ, ಅವರ ಮೊಮ್ಮಕ್ಕಳ ಸಾವಿಗೆ ನಿಮ್ಮ ಮೊಮ್ಮಕ್ಕಳು ಸೂತಕ ಹಿಡೀತಾರಾ?”

ಅವರ ಮುಖದ ಬಣ್ಣ ಇಳಿಯಿತು. “ಗಿರಿಜ ಹೇಳಿದಳಾ?”

“ನಾನು ಯಾರಿಗೂ ಹೇಳುವುದಿಲ್ಲ.”

“ನೀವು ಹೇಳದಿದ್ದರೆ ದೊಡ್ಡ ಉಪಕಾರ. ಈಗ ಹೊರಡಿ.”

ನಾನು ಹೊರಟೆ. ಮೂರು ಭಾನುವಾರಗಳ ಓದು ಆರಂಭವಾಗಬೇಕಿದ್ದ ಕೊನೆಯ ವಾರ ಬಂತು. ಕುಕ್ಕುಂದೂರಿನಿಂದ ಫೋನು ಇರಲಿಲ್ಲ. ಲವೀನಾಳಿಂದಲೂ ಇರಲಿಲ್ಲ. ಈ ಸಂಬಂಧ ಮುಗಿಯಿತೆಂದು ನಾನು ಮನಸ್ಸಿನಲ್ಲಿ ಒಪ್ಪಿಕೊಂಡಿದ್ದೆ. ಗುರುವಾರ ಬೆಳಿಗ್ಗೆ ಮಾಷ್ಟ್ರ ಫೋನು ಬಂತು.

“ಬೆನೆದಿಕ್ತಾಬಾಯಿಯನ್ನು ಕರ್ಕೊಂಡು ಬನ್ನಿ. ಮನೆಗೆ ಅಲ್ಲ. ದೀಪಸ್ತಂಭದ ಉತ್ತರಕ್ಕೆ, ದೋಣಿಗಳ ಹತ್ತಿರ.”

ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಮರಳಿನ ಮೇಲೆ ನಿಂತಿದ್ದರು. ಪಕ್ಕದಲ್ಲಿ ಲವೀನಾ. ಗಿರಿಜಕ್ಕ ಬಲೆಯಿಂದ ಬಂಗುಡೆ ಬಿಡಿಸುತ್ತಿದ್ದರು.

“ಬಾಯಿ, ಇವಳು ಗಿರಿಜ. ನನ್ನ ಕುಟುಂಬದವಳು,” ಎಂದರು ಮಾಷ್ಟ್ರು. “ನಮ್ಮ ಮೂಲದವನು ಇವರ ಮನೆಯಿಂದ ಹೋದವನು. ಕಪ್ತಾನ ಇರಲಿಲ್ಲ. ನನ್ನನ್ನು ಬೋರ್ಡಿಂಗ್ ಶಾಲೆಗೆ ಹಾಕಿದಾಗ ಊಟದ ಸಾಲಿನಲ್ಲಿ ಪಕ್ಕದವರು ಮೀನಿನವರ ಹುಡುಗ ಅಂತ ಮೂಗು ಮುಚ್ಚಿಕೊಂಡು ಕೂರ್ತಿದ್ರು. ರಜೆಯಲ್ಲಿ ಬಂದು ಅಪ್ಪನ ಹತ್ತಿರ ಅತ್ತೆ. ಅಪ್ಪ ನನಗೆ ಕಪ್ತಾನನನ್ನು ಕೊಟ್ಟರು. ಮತ್ತೆ ಬಿಡ್ಲಿಕ್ಕೆ ಆಗಲಿಲ್ಲ.”

ಗಿರಿಜಕ್ಕ ಬಲೆಯಿಂದ ತಲೆ ಎತ್ತಲಿಲ್ಲ. “ಮುದುಕ ಆದ ಮೇಲಾದರೂ ದಾರಿ ಸಿಕ್ಕಿತಲ್ಲ ಮಾಷ್ಟ್ರೇ. ನಿಲ್ಲುವುದು ಯಾಕೆ, ಕೂತ್ಕೊಳ್ಳಿ. ಅಂಗಿ ಕೊಳಕಾಗ್ತದೆ, ಆಗ್ಲಿ.”

ಮಾಷ್ಟ್ರು ದೋಣಿಯ ಅಂಚಿನ ಮೇಲೆ ಕುಳಿತರು. ಎಲ್ಲರೂ ಬೆನೆದಿಕ್ತಾಬಾಯಿಯ ಮುಖ ನೋಡಿದೆವು. ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡು, ಬೇಕೆಂದೇ ಗಟ್ಟಿಯಾಗಿ ಹೇಳಿದರು: “ನಮ್ಮವರು ಪರರ ಗದ್ದೆ ಉಳುತ್ತಿದ್ದವರು. ಆ ಗದ್ದೆ ಕುಕ್ಕುಂದೂರಿನಲ್ಲಿ ಈಗಲೂ ಉಂಟು. ಸಮುದ್ರ ನೋಡಿದ್ದು ನಾನೇ ಮೊದಲು. ಒಂದೇ ರಕ್ತ ಆಗುವುದು ಎಲ್ಲಿಂದ?” ಮತ್ತೆ ನನ್ನ ಕಡೆಗೆ ತಿರುಗಿದರು. “ರಾಯ್ಬಾರಿ, ಹೀಗೆ ನಿಂತರೆ ಹೇಗೆ? ಭಾನುವಾರ ಹೆಸರು ಓದಿಸಬೇಡವಾ?”

ಮೂರು ಭಾನುವಾರ ಹೆಸರು ಓದಿದರು. ತಪಸ್ಸಿಗೆ ಮುಂಚಿನ ಸೋಮವಾರ ಮದುವೆ ನಡೆಯಿತು.

ಮರುವರ್ಷ ನಾನು ವೃತ್ತಿ ಬಿಟ್ಟೆ. ಈ ಪ್ರಕರಣವನ್ನು ಬರೆಯಲೇ ಎಂದು ಕೇಳಿದಾಗ ಸಾಲ್ವದೋರ್ ಮಾಷ್ಟ್ರು, “ಬರೆಯಿರಿ, ನನ್ನ ಬಾಯಿಂದ ಕಪ್ತಾನನ ಕಥೆ ಕೇಳಿದವರು ಬಹಳ ಜನ ಇದ್ದಾರೆ, ಅವರಿಗೆಲ್ಲ ಹೋಗಿ ಹೇಳ್ಲಿಕ್ಕೆ ನನಗೆ ಕಾಲು ಬರುವುದಿಲ್ಲ,” ಎಂದರು. ವೃತ್ತಿ ನನಗೆ ಕಲಿಸಿದ್ದು ಇಷ್ಟು: ಉಪನಾಮ ಕೇಳಿ ವಂಶವನ್ನು ಊಹಿಸಬಾರದು. ಯಾರ ಸಾವಿಗೆ ಯಾರು ಕೆಲಸ ನಿಲ್ಲಿಸುತ್ತಾರೆ ಎಂದು ವಿಚಾರಿಸಬೇಕು.

ನನ್ನ ಮಾತನ್ನೂ ಯಾರೂ ಸುಮ್ಮನೆ ನಂಬಬೇಕಾಗಿಲ್ಲ. ಗಿರಿಜಕ್ಕ ಈಗಲೂ ಬೆಳಗಿನ ಹೊತ್ತು ಕಾಪುವಿನ ಮೀನು ಮಾರುಕಟ್ಟೆಯಲ್ಲಿ ಕುಳಿತಿರುತ್ತಾರೆ. ಕೇಳಿದವರಿಗೆಲ್ಲ ಹೇಳುತ್ತಾರೆ. ಆದರೆ ಬರಿಗೈಯಲ್ಲಿ ನಿಂತು ಕಥೆ ಕೇಳುವವರನ್ನು ಕಂಡರೆ ಅವರಿಗಾಗದು. ಮೊದಲು ಮೀನು ಕೊಳ್ಳಬೇಕು.